ಬಿದ್ದ ಮೇಲಿನ ತಲೆಸುತ್ತು: ಪಿತ್ತವೆಂದು ಕಡೆಗಣಿಸದಿರಿ

ಸಕಲೇಶಪುರ, ಆಲೂರು ಸೀಮೆಯ ತೋಟಗಳಲ್ಲಿ ಕಾಳುಮೆಣಸಿನ ಕೊಯ್ಲು ಆರಂಭವಾಯಿತೆಂದರೆ ಏಣಿಯಿಂದ ಬಿದ್ದವರ ಸುದ್ದಿಯೂ ಕೇಳಿಬರತೊಡಗುತ್ತದೆ. ಮಳೆಗಾಲದಲ್ಲಾದರೆ ಶಿರಾಡಿ ಘಾಟಿಯ ತಿರುವುಗಳಲ್ಲಿ ಬೈಕು ಜಾರಿ ಬಿದ್ದವರ ಸುದ್ದಿ. ಬಿದ್ದವರು ಎದ್ದು ಕುಳಿತು ನಾಲ್ಕು ಮಾತನಾಡಿದರೆ ಸುತ್ತಲಿನವರಿಗೆ ಸಮಾಧಾನ. ಸಂಜೆ ತಲೆಸುತ್ತಿ ವಾಂತಿಯಾದಾಗ ‘ಪಿತ್ತ ಕೆರಳಿದೆ’ ಎಂದು ನಿಂಬೆಹಣ್ಣಿನ ಪಾನಕ ಕೊಟ್ಟು ಮಲಗಿಸುತ್ತಾರೆ. ಆರೈಕೆ ಮಾಡುವವರ ಅಂತಃಕರಣ ದೊಡ್ಡದೇ; ಆದರೆ ತಲೆಗೆ ಪೆಟ್ಟು ಬಿದ್ದಾಗ ಈ ಉಪಚಾರವು ಪ್ರಾಣಕ್ಕೆ ಕುತ್ತು ತಂದೀತು.

ಮಿದುಳು ಅತ್ಯಂತ ಮೃದುವಾದ ಅಂಗ. ಪೆಟ್ಟಿಗೆ ಅದು ಬುರುಡೆಯೊಳಗೆ ಅಲುಗಿದಾಗ, ಹೊರಗೆ ಗಾಯವಿಲ್ಲದಿದ್ದರೂ ತಲೆನೋವು, ತಲೆಸುತ್ತು, ವಾಕರಿಕೆ, ಮರೆವು ಕಾಣಿಸಿಕೊಳ್ಳುತ್ತವೆ. ಬಹುಮಂದಿಗೆ ಇವು ಕೆಲವು ದಿನ ಅಥವಾ ವಾರಗಳಲ್ಲಿ ಶಮನವಾಗುತ್ತವೆ. ಕೆಲವರಲ್ಲಿ ಮಾತ್ರ ಒಳಗೆ ರಕ್ತ ಶೇಖರವಾಗಿ ಮಿದುಳನ್ನು ಒತ್ತತೊಡಗುತ್ತದೆ. ಬಿದ್ದ ಕೆಲವು ಗಂಟೆ ಚೆನ್ನಾಗಿದ್ದವರು ರಾತ್ರಿ ಕುಸಿಯುವುದು ಹೀಗೆ. ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಎಬ್ಬಿಸಿದರೂ ಬಿಡದ ಮಂಪರು, ತೊದಲು ಮಾತು, ಫಿಟ್ಸ್, ಕೈಕಾಲಿನ ಬಲಹೀನತೆ, ಒಂದು ಕಣ್ಣಿನ ಪಾಪೆ ದೊಡ್ಡದಾಗುವುದು, ಕಿವಿ ಮೂಗುಗಳಿಂದ ರಕ್ತ ಅಥವಾ ತಿಳಿನೀರು ಒಸರುವುದು: ಇವುಗಳಲ್ಲಿ ಒಂದೇ ಕಂಡರೂ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆಮಾಡಬೇಕು. ಸಕಲೇಶಪುರದಿಂದ ಹಾಸನಕ್ಕೆ ಸುಮಾರು 40 ಕಿ.ಮೀ.; ಒಳಗಿನ ತೋಟದ ಲೈನ್ ಮನೆಯಿಂದ ಹೊರಟರೆ ಇನ್ನೂ ದೂರ. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ಹಾಗೂ ವೃದ್ಧರು ಯಾವ ಲಕ್ಷಣವಿಲ್ಲದಿದ್ದರೂ ವೈದ್ಯರಲ್ಲಿ ತೋರಿಸಿಕೊಳ್ಳಬೇಕು. ವೃದ್ಧರಲ್ಲಿ ರಕ್ತಸ್ರಾವದ ಲಕ್ಷಣಗಳು ವಾರಗಳ ಬಳಿಕ ತಲೆದೋರುವುದೂ ಉಂಟು.

ಕುತ್ತಿಗೆ ನೋವೆನ್ನುವವರನ್ನು ಎತ್ತಿ ಕೂರಿಸಬಾರದು. ವಾಂತಿಯಾದರೆ ತಲೆ, ಕುತ್ತಿಗೆ, ಬೆನ್ನು ಒಂದೇ ನೇರದಲ್ಲಿರುವಂತೆ ಇಡೀ ದೇಹವನ್ನು ಪಕ್ಕಕ್ಕೆ ಹೊರಳಿಸಬೇಕು.

ಸ್ಕ್ಯಾನಿನಲ್ಲಿ ಮಿದುಳಿಗೆ ಏನೂ ಆಗಿಲ್ಲವೆಂದು ತಿಳಿದ ಮೇಲೆಯೂ ಕೆಲವರಿಗೆ ಮತ್ತೊಂದು ಬಗೆಯ ತಲೆಸುತ್ತು ಉಳಿಯುತ್ತದೆ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ, ಮೆಣಸಿನ ಬಳ್ಳಿಯ ತುದಿಯತ್ತ ತಲೆಯೆತ್ತಿದಾಗ ಲೋಕವೇ ಗಿರ್ರನೆ ತಿರುಗಿ, ಸಾಮಾನ್ಯವಾಗಿ ಒಂದು ನಿಮಿಷದೊಳಗೆ ನಿಲ್ಲುತ್ತದೆ. ಒಳಗಿವಿಯ ಸುಣ್ಣದ ಸೂಕ್ಷ್ಮ ಹರಳುಗಳು ಪೆಟ್ಟಿಗೆ ಕಳಚಿ, ತಮ್ಮದಲ್ಲದ ನಾಳಕ್ಕೆ ಸೇರಿಕೊಂಡಿರುವುದೇ ಇದಕ್ಕೆ ಕಾರಣ. ತಿಂಗಳುಗಟ್ಟಲೆ ಮಾತ್ರೆ ನುಂಗಿದರೆ ಹರಳು ಸ್ವಸ್ಥಾನಕ್ಕೆ ಮರಳದು. ಅಮೆರಿಕದ ವೈದ್ಯ ಜಾನ್ ಎಪ್ಲಿ 1992ರಲ್ಲಿ ಪ್ರಕಟಿಸಿದ ವಿಧಾನದಂತೆ, ತಲೆಯನ್ನು ಕ್ರಮವಾಗಿ ಹೊರಳಿಸುತ್ತ ಅವನ್ನು ಹಿಂದಕ್ಕೆ ಜಾರಿಸಬಹುದು. ಕೆಲವೇ ನಿಮಿಷಗಳ ಕೆಲಸ, ಔಷಧವಿಲ್ಲ, ಶಸ್ತ್ರವಿಲ್ಲ. ಆದರೆ ಯಾವ ಕಿವಿಯೆಂದು ಗುರುತಿಸಿ, ಕುತ್ತಿಗೆಗೆ ಪೆಟ್ಟಾಗಿಲ್ಲವೆಂದು ಖಚಿತಪಡಿಸಿಕೊಂಡು ಕಿವಿ-ಮೂಗು-ಗಂಟಲು ವೈದ್ಯರೇ ಮಾಡಬೇಕು. ಮೊಬೈಲಿನಲ್ಲಿ ನೋಡಿ ಮನೆಯಲ್ಲೇ ಪ್ರಯೋಗಿಸುವುದು ಬೇಡ.

ಮೊದಲ ಒಂದೆರಡು ದಿನ ವಿಶ್ರಾಂತಿ, ಅನಂತರ ಮೆಲ್ಲನೆ ನಡಿಗೆ. ತಿಂಗಳುಗಟ್ಟಲೆ ಮಲಗಿದರೆ ಗುಣ ತಡವಾಗುತ್ತದೆ. ಮದ್ಯ ಸರ್ವಥಾ ಸಲ್ಲದು. ತಲೆಸುತ್ತು ಪೂರ್ಣ ನಿಲ್ಲುವವರೆಗೆ ಏಣಿ ಹತ್ತಬಾರದು, ವಾಹನ ಓಡಿಸಬಾರದು. ಕೂಲಿ ತಪ್ಪೀತೆಂಬ ಭಯದಿಂದ ತಲೆಸುತ್ತನ್ನು ಮುಚ್ಚಿಟ್ಟು ಮರ ಹತ್ತುವವರಿದ್ದಾರೆ. ತೋಟ ಹೊಂದಿರುವ ಭಕ್ತಬಾಂಧವರು ಅಂಥವರಿಗೆ ಕೆಲಕಾಲ ಕಣದಲ್ಲಿ ಕುಳಿತು ಮೆಣಸು ಹಸನುಮಾಡುವ ಕೆಲಸ ಕೊಟ್ಟು, ಕೂಲಿಯನ್ನು ಮೊದಲಿನಂತೆಯೇ ಸಲ್ಲಿಸಲಿ.