ಸಮ್ಮೇಳನದಲ್ಲಿ ಓದಿದ ಪೇಪರ್ ಜರ್ನಲ್‌ಗೆ ಹಾಗೇ ಯಾಕೆ ಹೋಗುವುದಿಲ್ಲ?

ಪ್ರಶ್ನೆ: ನನ್ನ ಮಗಳು ರಸಾಯನವಿಜ್ಞಾನದಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ. ಡಿಸೆಂಬರ್‌ನಲ್ಲಿ ಒಂದು ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಪೇಪರ್ ಓದಿದಳು, ಸರ್ಟಿಫಿಕೇಟೂ ಬಂತು. ಆಯ್ದ ಪೇಪರ್‌ಗಳನ್ನು ಒಂದು ಜರ್ನಲ್‌ನ ವಿಶೇಷ ಸಂಚಿಕೆಯಲ್ಲಿ ಹಾಕುತ್ತಾರಂತೆ. ಆದರೆ ಈಗ ಎಂಟು ಪುಟದ ನಿಯಮಾವಳಿ ಕಳಿಸಿ, ಎಲ್ಲವನ್ನೂ ಹೊಸದಾಗಿ ಬರೆದುಕೊಡಿ, ವಿಮರ್ಶಕರಿಗೆ ಕಳಿಸುತ್ತೇವೆ ಅನ್ನುತ್ತಿದ್ದಾರೆ. ಒಮ್ಮೆ ಒಪ್ಪಿ ವೇದಿಕೆಯ ಮೇಲೆ ಓದಿಸಿದ ಮೇಲೆ ಮತ್ತೆ ಈ ಪರೀಕ್ಷೆ ಯಾಕೆ?
— ಒಬ್ಬ ತಂದೆ, ಹಾವೇರಿ

ಉತ್ತರ: ನಿಮ್ಮ ಮಗಳಿಗೆ ಅನ್ಯಾಯವೇನೂ ಆಗಿಲ್ಲ. ಸಮ್ಮೇಳನದವರು ಒಪ್ಪಿದ್ದು ಒಂದನ್ನು, ಜರ್ನಲ್‌ನವರು ಕೇಳುತ್ತಿರುವುದು ಇನ್ನೊಂದನ್ನು. ರಸಾಯನವಿಜ್ಞಾನದಂಥ ಶಾಖೆಗಳಲ್ಲಿ ಸಮ್ಮೇಳನಕ್ಕೆ ಕಳಿಸುವುದು ಸಾಮಾನ್ಯವಾಗಿ ಒಂದು ಪುಟದ ಸಾರಾಂಶ ಮಾತ್ರ. ಈ ವಿಷಯ ನಮ್ಮ ಸಭೆಗೆ ಹೊಂದುತ್ತದೆಯೇ, ಹದಿನೈದು ನಿಮಿಷ ಕೂತು ಕೇಳುವಂತಿದೆಯೇ ಎಂದಷ್ಟೇ ಅಲ್ಲಿ ನೋಡುತ್ತಾರೆ. ಕೆಲಸ ಅರ್ಧ ಆಗಿದ್ದರೂ ನಡೆಯುತ್ತದೆ. ಅರೆಬೆಂದ ಕೆಲಸವನ್ನು ಬಲ್ಲವರ ಮುಂದಿಟ್ಟು, ಅವರಿಂದ ನಾಲ್ಕು ಪ್ರಶ್ನೆ ಕೇಳಿಸಿಕೊಳ್ಳಲೆಂದೇ ಸಮ್ಮೇಳನ ಇರುವುದು.

ಸಭೆಯಲ್ಲಿ ಅರ್ಥವಾಗದವರು ಕೈ ಎತ್ತಿ ಕೇಳಬಹುದು. ಬಿಟ್ಟರೆ ಊಟದ ಸಾಲಿನಲ್ಲಿ ಹಿಡಿದು ಕೇಳಬಹುದು. ಜರ್ನಲ್ ಓದುವವರಿಗೆ ಆ ಅನುಕೂಲ ಇಲ್ಲ. ಅವರು ಹತ್ತು ವರ್ಷದ ನಂತರ ಇನ್ನಾವುದೋ ದೇಶದ ಪ್ರಯೋಗಾಲಯದಲ್ಲಿ ಕೂತು ಓದುತ್ತಿರಬಹುದು, ಕೈಯಲ್ಲಿರುವುದು ಅಚ್ಚಾದ ಪುಟಗಳು ಮಾತ್ರ. ನಿಮಗೆ ಬಂದ ಎಂಟು ಪುಟದ ನಿಯಮಗಳಲ್ಲಿ ಮುಕ್ಕಾಲು ಪಾಲು ಹುಟ್ಟಿರುವುದು, ಆ ದಿನ ಸಭೆಯಲ್ಲಿ ಇಲ್ಲದಿದ್ದ ಈ ಓದುಗರಿಗಾಗಿ.

ಇದಕ್ಕೆ ನಮ್ಮ ಬೆಂಗಳೂರಿನದೇ ಒಂದು ಉದಾಹರಣೆ ಇದೆ. 1928ರ ಮಾರ್ಚ್ 16ರಂದು ದಕ್ಷಿಣ ಭಾರತ ವಿಜ್ಞಾನ ಸಂಘವನ್ನು ಉದ್ಘಾಟಿಸುತ್ತ ಸಿ.ವಿ. ರಾಮನ್ ಇಲ್ಲಿ ಒಂದು ಉಪನ್ಯಾಸ ಕೊಟ್ಟರು. ಎರಡು ವಾರಗಳ ಹಿಂದಷ್ಟೇ ಕಲ್ಕತ್ತೆಯಲ್ಲಿ ಕಂಡುಕೊಂಡಿದ್ದ ಹೊಸ ವಿಕಿರಣವೇ ಅದರ ವಿಷಯ. ಆ ಉಪನ್ಯಾಸ ಅದೇ ತಿಂಗಳು ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್‌ನಲ್ಲಿ ಅಚ್ಚಾಯಿತು. ಅಚ್ಚಿನಲ್ಲಿ ಮಾತಿನ ಜೊತೆಗೆ ವರ್ಣಪಟಲದ ಫೋಟೋಗಳೂ ಇದ್ದವು. ಯಾವ ದೀಪ ಬಳಸಿದ್ದು, ಯಾವ ದ್ರವದಲ್ಲಿ ಬೆಳಕು ಚದುರಿದ್ದು, ಹೊಸ ಗೆರೆಗಳು ಎಲ್ಲಿ ಬಂದಿವೆ ಎಂಬುದನ್ನು ಓದಿದವರೇ ನೋಡಿಕೊಳ್ಳಬಹುದಿತ್ತು. ಅದರ ಪ್ರತಿಗಳು ದೇಶವಿದೇಶದ ವಿಜ್ಞಾನಿಗಳಿಗೆ ಅಂಚೆಯಲ್ಲಿ ಹೋದವು. ಆ ವರ್ಷವೇ ಬರ್ಲಿನ್‌ನಲ್ಲಿ ಪೀಟರ್ ಪ್ರಿಂಗ್ಸ್‌ಹೈಮ್ ಪ್ರಯೋಗವನ್ನು ತಾವೂ ಮಾಡಿ ನೋಡಿ, ಅದಕ್ಕೆ ರಾಮನ್ ಪರಿಣಾಮ ಎಂಬ ಹೆಸರು ಬಳಸಿದರು. ಪ್ರಿಂಗ್ಸ್‌ಹೈಮ್ ಬೆಂಗಳೂರಿನ ಸಭೆಗೆ ಬಂದವರಲ್ಲ. ಅವರಿಗೆ ಕಾಗದವೇ ಸಾಕಾಯಿತು.

ನಿಮ್ಮ ಮಗಳ ಪೇಪರಿನಿಂದ ಜರ್ನಲ್ ಬಯಸುವುದೂ ಇದನ್ನೇ. ಹಾಗಾಗಿ ಮೊದಲು ಒತ್ತು ಕೊಡಬೇಕಾದದ್ದು ಪ್ರಯೋಗದ ವಿಧಾನಕ್ಕೆ. ವೇದಿಕೆಯ ಮೇಲೆ ಒಂದು ಸ್ಲೈಡಿನಲ್ಲಿ ಮುಗಿದದ್ದು ಇಲ್ಲಿ ಒಂದೂವರೆ ಪುಟವಾಗಬೇಕು: ರಾಸಾಯನಿಕದ ಶುದ್ಧತೆ ಎಷ್ಟು, ಎಷ್ಟು ಡಿಗ್ರಿಯಲ್ಲಿ ಎಷ್ಟು ಹೊತ್ತು ಕಾಯಿಸಿದ್ದು, ಉಪಕರಣ ಯಾವುದು, ಎಷ್ಟು ಸಲ ಮಾಡಿ ನೋಡಿದ್ದು.

ನಾನು ಇಂಥ ಸಂಚಿಕೆಗಳಿಗೆ ಬಂದ ಪೇಪರ್‌ಗಳನ್ನು ವಿಮರ್ಶಕನಾಗಿ ಓದಿದ್ದೇನೆ. ಒಂದು ಮನಸ್ಸಿನಲ್ಲಿ ಉಳಿದಿದೆ. ಒಳ್ಳೆಯ ಕೆಲಸ, ಶ್ರದ್ಧೆಯ ಹುಡುಗ. ಆದರೆ ಮೂರನೆಯ ಚಿತ್ರವನ್ನು ಸ್ಲೈಡಿನಿಂದಲೇ ಎತ್ತಿ ಅಂಟಿಸಿದ್ದ. ಅಚ್ಚಿನ ಅಳತೆಗೆ ತಂದಾಗ ಅಕ್ಷರಗಳು ಇರುವೆ ಸಾಲಿನಂತೆ ಕಂಡವು. ಲಂಬ ಅಕ್ಷದ ಮೇಲೆ ಸಂಖ್ಯೆಗಳಿದ್ದವು, ಏಕಮಾನ ಇರಲಿಲ್ಲ. ಐದು ಚುಕ್ಕಿಗಳನ್ನು ಸೇರಿಸಿ ಒಂದು ನುಣುಪಾದ ಗೆರೆ ಎಳೆದಿತ್ತು, ಆದರೆ ಯಾವ ಚುಕ್ಕಿಯ ಮೇಲೂ ತಪ್ಪಿನ ಅಂದಾಜು ತೋರಿಸುವ ಕಡ್ಡಿ ಇಲ್ಲ. ಆ ಗೆರೆಯನ್ನೇ ನಂಬಿ ಕೊನೆಯ ತೀರ್ಮಾನ ನಿಂತಿತ್ತು. ಪ್ರತಿ ಚುಕ್ಕಿಗೂ ಎಷ್ಟು ಸಲ ಅಳೆದಿರಿ ಎಂದು ಬರೆದು ಕಳಿಸಿದೆ. ಒಂದೇ ಸಲ ಅಳೆದದ್ದಂತೆ. ಮತ್ತೆ ಅಳೆದಾಗ ಎರಡು ಚುಕ್ಕಿಗಳು ಜಾಗ ಬದಲಿಸಿದವು, ತೀರ್ಮಾನವೂ ಸ್ವಲ್ಪ ಬದಲಾಯಿತು. ಸಭೆಯಲ್ಲಿ ಆ ಸ್ಲೈಡು ಅರ್ಧ ನಿಮಿಷದಲ್ಲಿ ಹೋಗಿಬಿಟ್ಟಿತ್ತು, ಯಾರೂ ಗಮನಿಸಿರಲಿಲ್ಲ. ಚಿತ್ರ ಇಂತಿಷ್ಟು ಸ್ಪಷ್ಟವಾಗಿರಲಿ, ಫೋಟೋ ಇಂಚಿಗೆ 300 ಚುಕ್ಕಿಗಳಾದರೂ ಇರಲಿ, ಅಕ್ಷಗಳಿಗೆ ಏಕಮಾನ ಇರಲಿ ಎಂಬ ನಿಯಮಗಳು ಕಿರಿಕಿರಿ ಅನ್ನಿಸುವುದು ನಿಜ. ಆದರೆ ತಪ್ಪು ಅಡಗಿ ಕೂರುವುದು ಇಂಥ ಮಸುಕಿನಲ್ಲೇ.

ಎರಡನೆಯದು ಹೊಸತನ. ಸಮ್ಮೇಳನದವರು ಬರೀ ಸಾರಾಂಶಗಳ ಪುಸ್ತಿಕೆ ಹಂಚಿದ್ದರೆ ತೊಂದರೆ ಇಲ್ಲ, ಹೆಚ್ಚಿನ ಜರ್ನಲ್‌ಗಳು ಅದನ್ನು ಮೊದಲೇ ಪ್ರಕಟವಾದದ್ದೆಂದು ಎಣಿಸುವುದಿಲ್ಲ. ಪೂರ್ತಿ ಪೇಪರನ್ನೇ ನಡಾವಳಿ ಪುಸ್ತಕದಲ್ಲಿ ಅಚ್ಚು ಹಾಕಿದ್ದರೆ ಲೆಕ್ಕ ಬೇರೆ. ಆ ಪುಟಗಳ ಹಕ್ಕು ಆಗಲೇ ಇನ್ನೊಬ್ಬ ಪ್ರಕಾಶಕರ ಕೈಗೆ ಹೋಗಿರಬಹುದು. ಕಂಪ್ಯೂಟರ್ ವಿಜ್ಞಾನದಲ್ಲಿ ಈ ಪ್ರಶ್ನೆ ದಿನವೂ ಏಳುತ್ತದೆ, ಏಕೆಂದರೆ ಅಲ್ಲಿ ಸಮ್ಮೇಳನದ ಪೇಪರೇ ಪೂರ್ಣ ಪ್ರಕಟಣೆ. ಅದನ್ನು ಬೆಳೆಸಿ ಜರ್ನಲ್‌ಗೆ ಕೊಡುವಾಗ ಶೇ 30ರಷ್ಟಾದರೂ ಹೊಸ ವಿಷಯ ಇರಲಿ ಎಂದು ಅನೇಕ ಜರ್ನಲ್‌ಗಳು ಕೇಳುತ್ತವೆ. ವಾಕ್ಯಗಳನ್ನು ತಿರುಗಿಸಿ ಬರೆದರೆ ಹೊಸ ವಿಷಯ ಆಗುವುದಿಲ್ಲ. ಹೊಸ ಪ್ರಯೋಗ, ಹೊಸ ಹೋಲಿಕೆ, ಹೊಸ ವಿಶ್ಲೇಷಣೆ ಬೇಕು. ಹಿಂದಿನ ಪೇಪರನ್ನು ಹೆಸರಿಸಿ, ಅದಕ್ಕಿಂತ ಇಲ್ಲಿ ಏನು ಹೆಚ್ಚಿದೆ ಎಂದು ಸಂಪಾದಕರಿಗೆ ಬರೆಯುವ ಪತ್ರದಲ್ಲೇ ಹೇಳಿಬಿಡುವುದು ಒಳ್ಳೆಯದು. ಮುಚ್ಚಿಟ್ಟು ಆಮೇಲೆ ಸಿಕ್ಕಿಬಿದ್ದರೆ ಒಳ್ಳೆಯ ಕೆಲಸಕ್ಕೂ ಕಳಂಕ ಅಂಟುತ್ತದೆ.

ಬರಹ ಈಗಾಗಲೇ ಪ್ರಕಟವಾದದ್ದಕ್ಕೆ ಎಷ್ಟು ಹೋಲುತ್ತದೆ ಎಂದು ತಂತ್ರಾಂಶದಿಂದ ನೋಡುವ ಹೋಲಿಕೆ ಪರೀಕ್ಷೆಯ ಬಗ್ಗೆ ಮಕ್ಕಳಲ್ಲಿ ಅನಗತ್ಯ ಭಯ ಇದೆ. ಯುಜಿಸಿಯ 2018ರ ನಿಯಮಗಳ ಪ್ರಕಾರ ಶೇ 10ರವರೆಗಿನ ಹೋಲಿಕೆಗೆ ದಂಡ ಇಲ್ಲ. ಜರ್ನಲ್‌ಗಳು ತಮ್ಮದೇ ಮಿತಿ ಇಟ್ಟುಕೊಂಡಿರುತ್ತವೆ. ಆದರೆ ಬರೀ ಅಂಕಿ ನೋಡಿ ನೆಮ್ಮದಿಯಾಗಿ ಕೂರುವಂತಿಲ್ಲ. ವಿಧಾನದ ಭಾಗದಲ್ಲಿ ಅಲ್ಲಲ್ಲಿ ಒಂದೊಂದು ವಾಕ್ಯ ಹೋಲುವುದು ಸಹಜ. ತೀರ್ಮಾನದ ಒಂದು ಪ್ಯಾರಾ ಇನ್ನೊಬ್ಬರದಾಗಿದ್ದರೆ ಒಟ್ಟು ಶೇ 4 ಬಂದರೂ ಅದು ಚೌರ್ಯವೇ. ತನ್ನದೇ ಹಳೆಯ ಪೇಪರಿನ ವಾಕ್ಯಗಳನ್ನು ಮೂಲ ಹೇಳದೆ ಎತ್ತಿಕೊಳ್ಳುವುದೂ ಸಲ್ಲದು.

ಲೇಖಕರ ಪಟ್ಟಿಯಲ್ಲಿ ಯಾರ ಹೆಸರು ಇರಬೇಕು ಎಂಬುದನ್ನು ಈಗಲೇ ಗೈಡ್ ಜೊತೆ ಕೂತು ಇತ್ಯರ್ಥ ಮಾಡಿಕೊಳ್ಳಲಿ. ಕೆಲಸ ಮಾಡಿದವರನ್ನು ಬಿಡಬಾರದು, ಮಾಡದವರನ್ನು ದಾಕ್ಷಿಣ್ಯಕ್ಕೆ ಸೇರಿಸಬಾರದು. ಕೃತಕ ಬುದ್ಧಿಮತ್ತೆಯ ತಂತ್ರಾಂಶವನ್ನು ಬಳಸಿದ್ದರೆ ಹೇಳಬೇಕು, ಅದು ಲೇಖಕನಾಗಲಾರದು. ಉಳಿದಂತೆ ಅಕ್ಷರದ ಗಾತ್ರ, ಉಲ್ಲೇಖಗಳ ಕ್ರಮ, ಸಾರಾಂಶದ ಪದಮಿತಿ ಎಲ್ಲ ಟೆಂಪ್ಲೇಟ್ ನೋಡಿ ಒಂದು ಸಂಜೆಯಲ್ಲಿ ಸರಿಮಾಡುವಂಥವು.

ಇಷ್ಟು ಬಿಗಿ ಬೇಕೇ ಎಂದು ನೀವು ಕೇಳಬಹುದು. ಸಡಿಲ ಬಿಟ್ಟಾಗ ಏನಾಯಿತು ನೋಡಿ. 2005ರಲ್ಲಿ ಎಂಐಟಿಯ ಮೂವರು ವಿದ್ಯಾರ್ಥಿಗಳು ಕಂಪ್ಯೂಟರ್ ತಂತ್ರಾಂಶದಿಂದ ಅರ್ಥವಿಲ್ಲದ ಪೇಪರ್ ಬರೆಸಿ ಒಂದು ಸಮ್ಮೇಳನಕ್ಕೆ ಕಳಿಸಿದರು, ಸ್ವೀಕೃತವಾಯಿತು. ಅದೇ ತಂತ್ರಾಂಶದಿಂದ ಹುಟ್ಟಿದ 120ಕ್ಕೂ ಹೆಚ್ಚು ಪೇಪರ್‌ಗಳು ಸಮ್ಮೇಳನದ ನಡಾವಳಿಗಳಲ್ಲಿ ಸೇರಿಕೊಂಡಿದ್ದನ್ನು ಫ್ರಾನ್ಸಿನ ಸಿರಿಲ್ ಲಾಬೆ ಪತ್ತೆ ಹಚ್ಚಿದರು. 2014ರಲ್ಲಿ ದೊಡ್ಡ ಪ್ರಕಾಶಕರೇ ಅವನ್ನು ಹಿಂತೆಗೆದರು. 2023ರಲ್ಲಿ ಹಿಂದಾವಿ ಎಂಬ ಪ್ರಕಾಶಕ ಸಂಸ್ಥೆ 8,000ಕ್ಕೂ ಹೆಚ್ಚು ಪೇಪರ್‌ಗಳನ್ನು ಹಿಂತೆಗೆಯಿತು. ಅವುಗಳಲ್ಲಿ ಬಹುಪಾಲು ಅತಿಥಿ ಸಂಪಾದಕರು ನೋಡಿಕೊಂಡ ವಿಶೇಷ ಸಂಚಿಕೆಗಳವು. ಅವುಗಳ ನಡುವೆ ಅಚ್ಚಾದ ಪ್ರಾಮಾಣಿಕ ಪೇಪರನ್ನೂ ಈಗ ಓದುಗರು ಅನುಮಾನದಿಂದ ನೋಡುತ್ತಾರೆ. ಅದು ನನಗೆ ನಿಜವಾಗಿ ನೋವಿನ ಸಂಗತಿ. ಆದ್ದರಿಂದ ನಿಮ್ಮ ಮಗಳಿಗೆ ಬಂದ ಎಂಟು ಪುಟಗಳಿಗಿಂತ, ನಿಯಮವೇ ಕೇಳದೆ ಹಣ ಕಟ್ಟಿದರೆ ವಾರದಲ್ಲಿ ಹಾಕುತ್ತೇವೆ ಅನ್ನುವ ಸಂಚಿಕೆ ಕಂಡರೆ ಹೆದರಿ. ಯುಜಿಸಿ ತಾನು ಒಪ್ಪಿದ ಜರ್ನಲ್‌ಗಳ ಕೇರ್ ಪಟ್ಟಿಯನ್ನು 2025ರಲ್ಲಿ ನಿಲ್ಲಿಸಿದ ಮೇಲೆ, ಜರ್ನಲ್‌ನ ಗುಣ ನೋಡುವ ಹೊಣೆ ಕಾಲೇಜು ಮತ್ತು ಸಂಶೋಧಕರ ಮೇಲೇ ಬಿದ್ದಿದೆ. ಸಂಪಾದಕ ಮಂಡಳಿಯವರು ಆ ವಿಷಯದಲ್ಲಿ ಕೆಲಸ ಮಾಡಿದವರೇ, ಹಿಂದಿನ ಸಂಚಿಕೆಗಳ ಪೇಪರ್‌ಗಳು ಓದುವಂತಿವೆಯೇ ಎಂದು ಆಕೆ ಗೈಡ್ ಜೊತೆ ಕೂತು ನೋಡಲಿ.

ವಿಮರ್ಶಕರಿಂದ ಎರಡು ಪುಟ ಆಕ್ಷೇಪ ಬಂದರೆ ಮನೆಯಲ್ಲಿ ಯಾರೂ ಮುಖ ಸಣ್ಣ ಮಾಡಿಕೊಳ್ಳಬೇಡಿ. ಅವರ ಒಂದೊಂದು ಮಾತನ್ನೂ ಬರೆದುಕೊಂಡು, ಅದರ ಕೆಳಗೆ ಏನು ಬದಲಿಸಿದೆ, ಯಾವ ಪುಟದಲ್ಲಿ, ಒಪ್ಪದಿದ್ದರೆ ಯಾಕೆ ಎಂದು ಆಕೆ ವಿನಯದಿಂದ ಉತ್ತರ ಬರೆಯಬೇಕು. ಆ ಕಾಗದಗಳು ಬರುವ ಮುನ್ನ ಮಾಡಬಹುದಾದ ಕೆಲಸವೂ ಒಂದಿದೆ. ಡಿಸೆಂಬರ್‌ನ ಸಭೆಯಲ್ಲಿ ಪೇಪರ್ ಮುಗಿಸಿದಾಗ ಯಾರು ಏನು ಕೇಳಿದರು ಎಂದು ಆಕೆ ಡೈರಿಯಲ್ಲಿ ಗುರುತು ಹಾಕಿಕೊಂಡಿದ್ದರೆ, ಹೊಸ ಕರಡನ್ನು ಆ ಪುಟ ತೆರೆದಿಟ್ಟುಕೊಂಡೇ ಶುರು ಮಾಡಲಿ.