ನೀಲಗಿರಿ ಎಣ್ಣೆ: ಎಲ್ಲಿಂದ ಬಂತು? ಹೇಗೆ ಬಳಸಬೇಕು?

ಸ್ವಸಹಾಯ ಸಂಘದ ಅಕ್ಕ-ತಂಗಿಯರೇ,

ಮಳೆಗಾಲ ಶುರುವಾಯಿತೆಂದರೆ ನಾವೆಲ್ಲ ಹುಡುಕುವ ಪುಟ್ಟ ಬಾಟಲಿ ಒಂದಿದೆ. ಯಾರಿಗೋ ಮೂಗು ಕಟ್ಟಿತು, ಅಜ್ಜಿಗೆ ಮಂಡಿನೋವು ಬಂತು, ಕೂಡಲೇ "ನೀಲಗಿರಿ ಎಣ್ಣೆ ಎಲ್ಲಿಟ್ರಿ?" ಅಂತ ಕೇಳ್ತೇವೆ. ಊಟಿಗೆ ಹೋದವರು ತಪ್ಪದೆ ತರುವುದೂ ಅದನ್ನೇ. ಸಂಘದಲ್ಲಿ ಫಿನಾಯಿಲ್, ಸಾಬೂನು ಮಾಡುವವರಿಗೆ "ಇದನ್ನೂ ನಾವೇ ಮಾಡಿ ಮಾರಬಹುದಲ್ವಾ?" ಎಂಬ ಯೋಚನೆ ಬರುವುದು ಸಹಜ. ಅದಕ್ಕೆ ಮೊದಲು ಈ ಎಣ್ಣೆಯ ವಿಷಯ ಸ್ವಲ್ಪ ತಿಳಿಯೋಣ.

ಹೆಸರು ನಮ್ಮ ಬೆಟ್ಟದ್ದು, ಮರ ಮಾತ್ರ ಹೊರಗಿನದು. ಇದರ ತವರು ಆಸ್ಟ್ರೇಲಿಯಾ. ಅಲ್ಲಿನ ಮೂಲನಿವಾಸಿಗಳು ಇದರ ಎಲೆಯನ್ನು ಜ್ವರಕ್ಕೂ ಗಾಯಕ್ಕೂ ಬಹಳ ಹಿಂದಿನಿಂದಲೇ ಬಳಸುತ್ತಿದ್ದರು. 1852ರಲ್ಲಿ ಅಲ್ಲಿನ ವಿಕ್ಟೋರಿಯಾ ಪ್ರಾಂತ್ಯದಲ್ಲಿ ಜೋಸೆಫ್ ಬೊಸಿಸ್ಟೊ ಎಂಬ ಔಷಧ ವ್ಯಾಪಾರಿ ಎಲೆಯಿಂದ ಎಣ್ಣೆ ತೆಗೆದು ಮಾರಾಟಕ್ಕೆ ಇಟ್ಟರು. ಅದಕ್ಕೂ ಮೊದಲೇ, 1843ರಲ್ಲಿ, ಮರ ನೀಲಗಿರಿ ಬೆಟ್ಟಕ್ಕೆ ಬಂದಿತ್ತು. ಬಂದದ್ದು ಎಣ್ಣೆಗಾಗಿ ಅಲ್ಲ, ಸೌದೆಗಾಗಿ! ಬ್ರಿಟಿಷರ ಕಾಲದಲ್ಲಿ ಊಟಿಯ ಸುತ್ತ ಶೋಲಾ ಕಾಡು ಕಡಿದು ಒಲೆಗೆ ಸೌದೆ ಸಾಲದಾದಾಗ ಬೇಗ ಬೆಳೆಯುವ ಈ ಮರದ ತೋಪು ಹಾಕಿದರು. ಎಣ್ಣೆ ತೆಗೆಯುವ ಕಸುಬು ಆಮೇಲೆ ಬೆಳೆಯಿತು. ನಮ್ಮ ಕರ್ನಾಟಕಕ್ಕೆ ಇನ್ನೂ ಮುಂಚೆ, 1790ರ ಸುಮಾರಿಗೆ, ಟಿಪ್ಪು ಸುಲ್ತಾನ್ ನಂದಿಬೆಟ್ಟದ ತೋಟದಲ್ಲಿ ಇದನ್ನು ಬೆಳೆಸಿದನೆಂದು ಹೇಳುತ್ತಾರೆ.

ಎಣ್ಣೆ ಇರುವುದು ಎಲೆಯೊಳಗಿನ ಸಣ್ಣ ಸಣ್ಣ ಚೀಲಗಳಲ್ಲಿ. ಎಲೆಯನ್ನು ಬೆಳಕಿಗೆ ಹಿಡಿದರೆ ಚುಕ್ಕೆ ಚುಕ್ಕೆಯಾಗಿ ಕಾಣುತ್ತದೆ. ಕೊಬ್ಬರಿಯಂತೆ ಗಾಣಕ್ಕೆ ಹಾಕಿದರೆ ಇದು ಬರುವುದಿಲ್ಲ. ದೊಡ್ಡ ಮುಚ್ಚಿದ ಪಾತ್ರೆಯಲ್ಲಿ ಎಲೆ ತುಂಬಿ, ಕೆಳಗಿನಿಂದ ಹಬೆ ಹಾಯಿಸಬೇಕು. ಹಬೆಯ ಜೊತೆ ಎಣ್ಣೆ ಆವಿಯಾಗಿ ಮೇಲೇರಿ, ತಣ್ಣೀರಿನಲ್ಲಿ ಮುಳುಗಿಸಿದ ಕೊಳವೆಯಲ್ಲಿ ಹಾಯುವಾಗ ತಣಿದು ಇಳಿಯುತ್ತದೆ. ನೀರಿಗಿಂತ ಹಗುರವಾದ್ದರಿಂದ ಎಣ್ಣೆ ಮೇಲೆ ತೇಲುತ್ತದೆ, ಅದನ್ನು ಬೇರೆ ಮಾಡುತ್ತಾರೆ. ಒಳ್ಳೆ ಜಾತಿಯ ಮರವಾದರೂ 100 ಕಿಲೊ ಹಸಿ ಎಲೆಗೆ ಸಿಗುವುದು ಸುಮಾರು 1 ಕಿಲೊ ಎಣ್ಣೆ. ಎಲೆ ತರುವ ಕೂಲಿ, ಗಂಟೆಗಟ್ಟಲೆ ಉರಿಸುವ ಸೌದೆ, ಇದೆಲ್ಲ ಲೆಕ್ಕ ಹಾಕಿ ನೋಡಿ.

ಇನ್ನೊಂದು ಮಾತು. ಊಟಿಯಲ್ಲಿ ಎಣ್ಣೆ ಕೊಡುವ ಮರವೇ ಬೇರೆ, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹೊಲಗಳಲ್ಲಿ ಬೆಳೆಸಿದ ಮರವೇ ಬೇರೆ. ನಮ್ಮ ಬಯಲುಸೀಮೆಯದು "ಮೈಸೂರು ಗಮ್" ಎಂಬ ಜಾತಿ. ಅದನ್ನು ಬೆಳೆಸಿದ್ದು ಕಾಗದದ ಕಾರ್ಖಾನೆಗೆ, ಗಳಕ್ಕೆ, ಸೌದೆಗೆ. ಔಷಧಿಯ ಎಣ್ಣೆಗೆ ಅದು ಹೆಸರಾದದ್ದಲ್ಲ. ಅಂತರ್ಜಲ ಬತ್ತುತ್ತದೆಂಬ ಕಾರಣಕ್ಕೆ 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನೇ ನಿಷೇಧಿಸಿತು. ಆದ್ದರಿಂದ ಎಣ್ಣೆ ತೆಗೆಯಲೆಂದು ಸಂಘದ ಸಾಲ ಎತ್ತಿ ಯಂತ್ರ ಕೊಳ್ಳುವ ಯೋಚನೆ ಬಯಲುಸೀಮೆಯವರಿಗೆ ಬೇಡ ಎಂಬುದೇ ನಮ್ಮ ಅಭಿಪ್ರಾಯ.

ಇನ್ನು ಬಳಕೆ. ಎಣ್ಣೆಯಲ್ಲಿ ಹೆಚ್ಚಾಗಿರುವ ಸತ್ವದ ಹೆಸರು ಸಿನಿಯೋಲ್. ವಾಸನೆ ಎಳೆದಾಗ ಮೂಗಿನೊಳಗೆ ತಂಪೆನಿಸಿ, ಉಸಿರು ಸಲೀಸಾದಂತೆ ಅನಿಸುವುದು ಅದರಿಂದಲೇ. ಹಿತವೇನೋ ಆಗುತ್ತದೆ, ಆದರೆ ನೆಗಡಿ ವಾಸಿಯಾಗುವುದು ಅದರಿಂದಲ್ಲ. ದೊಡ್ಡವರು ಕರವಸ್ತ್ರಕ್ಕೆ ಎರಡು ಹನಿ ಹಾಕಿಕೊಂಡು ಮೂಸಿದರೆ ಸಾಕು. ಮೈಕೈ ನೋವಿಗೆ ಹಾಗೇ ಹಚ್ಚಬೇಡಿ, ಒಂದು ಚಮಚ ಕೊಬ್ಬರಿ ಎಣ್ಣೆಗೆ ಮೂರು ನಾಲ್ಕು ಹನಿ ಸೇರಿಸಿ ತಿಕ್ಕಿ. ಚರ್ಮ ಉರಿದರೆ ತೊಳೆದುಬಿಡಿ. ಡಬ್ಬಿಗೆ ಅಂಟಿದ ಸ್ಟಿಕ್ಕರ್ ಗೋಂದು, ಬಟ್ಟೆಗೆ ಹತ್ತಿದ ಡಾಂಬರು ತೆಗೆಯಲು ಕೂಡ ಇದು ಒಳ್ಳೆಯದು.

ಆದರೆ ಈ ಎಣ್ಣೆ ಹೊಟ್ಟೆಗೆ ಹೋದರೆ ವಿಷ. ಇದನ್ನು ದಯವಿಟ್ಟು ಮನೆಯಲ್ಲಿ ಎಲ್ಲರಿಗೂ ಹೇಳಿ. ಕೆಮ್ಮಿಗೆಂದು ಸಕ್ಕರೆಗೆ ಹನಿ ಹಾಕಿ ತಿನ್ನಿಸುವುದು ಬೇಡ. ಸಣ್ಣ ಮಗು ಒಂದು ಚಮಚದಷ್ಟು ಕುಡಿದರೂ ಪ್ರಾಣಕ್ಕೆ ಅಪಾಯ. ಬಾಯಿ ಉರಿ, ವಾಂತಿ, ತೂಕಡಿಕೆ ಬಂದು, ಕೆಲವೇ ನಿಮಿಷಗಳಲ್ಲಿ ಫಿಟ್ಸ್ ಕೂಡ ಬರಬಹುದು. ಹಾಗಾದಾಗ ಉಪ್ಪುನೀರು ಕುಡಿಸಿ, ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಇನ್ನೂ ಕಷ್ಟ. 108ಕ್ಕೆ ಫೋನ್ ಮಾಡಿ, ಬಾಟಲಿಯನ್ನೂ ಕೈಯಲ್ಲಿ ಹಿಡಿದುಕೊಂಡು ನೇರ ಆಸ್ಪತ್ರೆಗೆ ಹೋಗಿ. ಎರಡು ವರ್ಷದೊಳಗಿನ ಕೂಸಿನ ಮೂಗಿಗೆ, ಮುಖಕ್ಕೆ, ಎದೆಗೆ ಹಚ್ಚಲೇಬೇಡಿ. "ನಮ್ಮಮ್ಮ ಹಚ್ತಿದ್ರು, ಏನೂ ಆಗ್ಲಿಲ್ಲ" ಅನ್ನುವವರಿದ್ದಾರೆ. ಪುಟ್ಟ ಮಕ್ಕಳಿಗೆ ಇದರ ಘಾಟಿನಿಂದ ಉಸಿರೇ ಕಟ್ಟಬಹುದು. ಆಸ್ತಮಾ ಇರುವವರೂ ವೈದ್ಯರನ್ನು ಕೇಳದೆ ಮೂಸಬಾರದು. ಹಬೆ ತೆಗೆದುಕೊಳ್ಳುವ ಬಿಸಿನೀರಿನ ಪಾತ್ರೆಯ ಹತ್ತಿರ ಮಕ್ಕಳನ್ನು ಬಿಡಬೇಡಿ, ಮಗುಚಿ ಬಿದ್ದು ಸುಟ್ಟುಕೊಳ್ಳುತ್ತಾರೆ.

ಸಗಟಿನಲ್ಲಿ ತಂದು ಸಣ್ಣ ಬಾಟಲಿಗೆ ತುಂಬಿ ಮಾರುವ ಆಸೆಯಿದ್ದರೆ ಒಂದು ವಿಷಯ ತಿಳಿದಿರಲಿ. ಔಷಧಿ ಎಂದು ಚೀಟಿ ಅಂಟಿಸಿ ಮಾರಲು ಪರವಾನಗಿ ಬೇಕು, ಬರೀ ತುಂಬಿ ಮಾರುವುದಕ್ಕೂ ಬೇಕು. ಕೊಳ್ಳುವಾಗ ಬಿಳಿ ಕಾಗದದ ಮೇಲೆ ಒಂದು ಹನಿ ಹಾಕಿ ಒಣಗಲು ಬಿಡಿ. ಶುದ್ಧ ಎಣ್ಣೆ ಪೂರ್ತಿ ಆರಿಹೋಗುತ್ತದೆ. ಜಿಡ್ಡಿನ ಕಲೆ ಉಳಿದರೆ ಬೇರೆ ಎಣ್ಣೆ ಬೆರೆತಿದೆ ಎಂದರ್ಥ. ಟರ್ಪೆಂಟೈನ್ ಬೆರೆಸಿದ್ದರೆ ಮಾತ್ರ ಈ ಪರೀಕ್ಷೆಗೆ ಸಿಕ್ಕುವುದಿಲ್ಲ, ಅದೂ ಆರಿಹೋಗುತ್ತದೆ. ಹಾಗಾಗಿ ತಯಾರಕರ ಹೆಸರು, ಪರವಾನಗಿ ಸಂಖ್ಯೆ, ತಾರೀಕು ಇಲ್ಲದ ಬಾಟಲಿ ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ.

ಮುಂದಿನ ವಾರದ ಸಭೆಗೆ ಬರುವಾಗ ನಿಮ್ಮ ಮನೆಯ ನೀಲಗಿರಿ ಎಣ್ಣೆ ಬಾಟಲಿ ತನ್ನಿ. ಚೀಟಿಯಲ್ಲಿ ಏನು ಬರೆದಿದೆ ಎಂದು ಓದು ಬಲ್ಲವರು ಎಲ್ಲರಿಗೂ ಓದಿ ಹೇಳಿ. ಅದು ಮನೆಯಲ್ಲಿ ಯಾವ ಜಾಗದಲ್ಲಿತ್ತು, ಮಗುವಿನ ಕೈಗೆ ಎಟುಕುತ್ತಿತ್ತೇ ಎಂದು ಒಬ್ಬೊಬ್ಬರೇ ಹೇಳಿ.