ದೋಣಿಯೊಳಗಿನ ಅಡ್ಡಹಲಗೆ

ಶ್ರೀರಂಗಪಟ್ಟಣದ ಸುತ್ತಲಿನ ಕಾವೇರಿಯಲ್ಲಿ ಎರಡು ಬಗೆಯ ನಾವೆಗಳನ್ನು ಕಾಣಬಹುದು. ಸಂಗಮದಲ್ಲಿ ಬಿದಿರಿನ ಹೆಣಿಗೆಯ ದುಂಡನೆಯ ತೆಪ್ಪ. ೧೯೪೦ರಿಂದ ಪಕ್ಷಿಧಾಮವಾಗಿರುವ ರಂಗನತಿಟ್ಟಿನಲ್ಲಿ ಹುಟ್ಟು ಹಾಕಿ ನಡೆಸುವ ಉದ್ದನೆಯ ದೋಣಿ. ಮರದ ಕಿರುದೋಣಿಯೊಂದನ್ನು ಕೈಯಿಂದ ಕಟ್ಟುವವನು ಹೊರಮೈಯನ್ನು ಮುಗಿಸಿದ ಬಳಿಕ ಒಳಗೆ ಕುಳಿತುಕೊಳ್ಳುವ ಅಡ್ಡಹಲಗೆಗಳನ್ನು ಜೋಡಿಸಬೇಕಾಗುತ್ತದೆ. ಇದು ಕೇವಲ ಅನುಕೂಲದ ಕೆಲಸವೆಂದು ತೋರಬಹುದು. ಆದರೆ ಹಲಗೆಯ ಎತ್ತರ ತಪ್ಪಿದರೆ ಗಟ್ಟಿಮುಟ್ಟಾದ ದೋಣಿಯೂ ಮಗುಚೀತು. ಅದು ಹೇಗೆಂಬುದನ್ನು ವಿಚಾರಿಸೋಣ.

ತೇಲುವ ದೋಣಿಯ ಮೇಲೆ ಎರಡು ಬಲಗಳು ವರ್ತಿಸುತ್ತವೆ. ತೂಕವು ಗುರುತ್ವಕೇಂದ್ರದ ಮೂಲಕ ಕೆಳಕ್ಕೂ, ನೀರಿನ ಒತ್ತು ಮುಳುಗಿದ ಭಾಗದ ಮಧ್ಯಬಿಂದುವಿನ ಮೂಲಕ ಮೇಲಕ್ಕೂ ಎಳೆಯುತ್ತವೆ. ದೋಣಿ ಸ್ವಲ್ಪ ಓರೆಯಾದೊಡನೆ ಮುಳುಗಿದ ಭಾಗದ ಆಕಾರ ಬದಲಾಗಿ, ಆ ಮಧ್ಯಬಿಂದು ತಗ್ಗಿದ ಪಕ್ಕಕ್ಕೆ ಸರಿಯುತ್ತದೆ. ಅಲ್ಲಿಂದ ಮೇಲಕ್ಕೆ ಎಳೆದ ಲಂಬರೇಖೆಯು ದೋಣಿಯ ನಡುರೇಖೆಯನ್ನು ಸಂಧಿಸುವ ಬಿಂದುವಿಗೆ ಮೆಟಾಸೆಂಟರ್ ಎಂದು ಹೆಸರು. ಫ್ರಾನ್ಸಿನ ಪಿಯೆರ್ ಬೂಗೆ ೧೭೪೬ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವಿವರಿಸಿದನು. ಗುರುತ್ವಕೇಂದ್ರವು ಈ ಬಿಂದುವಿಗಿಂತ ಕೆಳಗಿದ್ದರೆ ದೋಣಿ ತಾನಾಗಿಯೇ ನೆಟ್ಟಗಾಗುತ್ತದೆ; ಮೇಲಿದ್ದರೆ ಇನ್ನಷ್ಟು ವಾಲುತ್ತದೆ.

ಲೆಕ್ಕ ಸುಲಭವಾಗಲೆಂದು ನಮ್ಮ ದೋಣಿಯನ್ನು ೩ ಮೀಟರು ಉದ್ದ, ೭೦ ಸೆಂಟಿಮೀಟರು ಅಗಲದ ಪೆಟ್ಟಿಗೆಯೆಂದು ಭಾವಿಸೋಣ. ದೋಣಿಯ ತೂಕ ೧೦೫ ಕಿಲೋಗ್ರಾಂ, ಅದರ ಗುರುತ್ವಕೇಂದ್ರ ತಳದಿಂದ ೧೫ ಸೆಂಟಿಮೀಟರು ಮೇಲೆ. ತಲಾ ೭೦ ಕಿಲೋಗ್ರಾಂ ತೂಗುವ ಮೂವರು ಕುಳಿತರೆ ಒಟ್ಟು ೩೧೫ ಕಿಲೋಗ್ರಾಂ. ಆಗ ದೋಣಿ ೧೫ ಸೆಂಟಿಮೀಟರು ಮುಳುಗುತ್ತದೆ. ನೀರಿನ ಒತ್ತಿನ ಕೇಂದ್ರ ತಳದಿಂದ ೭.೫ ಸೆಂಟಿಮೀಟರು ಮೇಲಿರುತ್ತದೆ. ಅದರಿಂದ ಮೆಟಾಸೆಂಟರಿನ ಎತ್ತರವನ್ನು ತಿಳಿಯಲು ಅಗಲದ ವರ್ಗವನ್ನು ಮುಳುಗಿದ ಆಳದ ೧೨ರಷ್ಟರಿಂದ ಭಾಗಿಸಬೇಕು: ೪೯೦೦ನ್ನು ೧೮೦ರಿಂದ ಭಾಗಿಸಿದರೆ ೨೭.೨. ಎಂದರೆ ಮೆಟಾಸೆಂಟರು ತಳದಿಂದ ೩೪.೭ ಸೆಂಟಿಮೀಟರು ಮೇಲಿದೆ.

ಕುಳಿತವನ ಗುರುತ್ವಕೇಂದ್ರವು ಆಸನದಿಂದ ೨೫ ಸೆಂಟಿಮೀಟರು ಮೇಲಿದೆಯೆಂದು ಇಟ್ಟುಕೊಳ್ಳೋಣ. ಹಲಗೆಯು ತಳದಿಂದ ೧೦ ಸೆಂಟಿಮೀಟರು ಎತ್ತರದಲ್ಲಿದ್ದರೆ ಒಟ್ಟು ಗುರುತ್ವಕೇಂದ್ರ ೨೮.೩ ಸೆಂಟಿಮೀಟರಿನಲ್ಲಿರುತ್ತದೆ, ದೋಣಿ ಕ್ಷೇಮ. ಹಲಗೆಯನ್ನು ೨೫ ಸೆಂಟಿಮೀಟರಿಗೆ ಏರಿಸಿದರೆ ಅದು ೩೮.೩ಕ್ಕೆ ಏರಿ ಮೆಟಾಸೆಂಟರನ್ನು ಮೀರುತ್ತದೆ. ದೋಣಿ ನೆಟ್ಟಗೆ ನಿಲ್ಲಲಾರದು. ಒಂದು ಗೇಣಿಗಿಂತಲೂ ಕಡಮೆಯಾದ ವ್ಯತ್ಯಾಸದಲ್ಲಿ ಮೂವರ ಪ್ರಾಣವಿದೆ.

ಇಷ್ಟೇ ಭಾರವನ್ನು ೨ ಮೀಟರು ವ್ಯಾಸದ ತೆಪ್ಪಕ್ಕೆ ಹೇರಿದರೆ ಅದು ಸುಮಾರು ೧೦ ಸೆಂಟಿಮೀಟರು ಮಾತ್ರ ಮುಳುಗುತ್ತದೆ. ವೃತ್ತಾಕಾರದ ತಳಕ್ಕೆ ತ್ರಿಜ್ಯದ ವರ್ಗವನ್ನು ಆಳದ ೪ರಷ್ಟರಿಂದ ಭಾಗಿಸಬೇಕು. ಮೆಟಾಸೆಂಟರು ಸುಮಾರು ಎರಡೂವರೆ ಮೀಟರು ಮೇಲಕ್ಕೆ ಹೋಗುತ್ತದೆ. ತೆಪ್ಪ ಗಿರ್ರನೆ ತಿರುಗಿದರೂ ಸುಲಭವಾಗಿ ವಾಲದಿರುವುದು ಈ ಅಗಲದ ಬಲದಿಂದ.

ಅಡ್ಡಹಲಗೆಗೆ ಇನ್ನೊಂದು ಕಾರ್ಯವೂ ಉಂಟು. ಹೊರಗಿನ ನೀರು ದೋಣಿಯ ಪಕ್ಕಗಳನ್ನು ಒಳಕ್ಕೆ ಒತ್ತುತ್ತದೆ. ಒಳಗಿನ ಭಾರ ಅವುಗಳನ್ನು ಹೊರಕ್ಕೆ ಬಾಗಿಸಬಲ್ಲದು. ಎರಡು ಪಕ್ಕಗಳಿಗೂ ಬಿಗಿಯಾಗಿ ಸೇರಿದ ಹಲಗೆ ಎರಡನ್ನೂ ತಡೆಯುತ್ತದೆ. ಪಕ್ಕಗಳು ಮೇಲೇರುತ್ತ ಅಗಲವಾಗಿ, ತುದಿಗಳತ್ತ ಕಿರಿದಾಗುವುದರಿಂದ ಹಲಗೆಯ ಕೊನೆಗಳನ್ನು ಎರಡು ದಿಕ್ಕಿನಲ್ಲಿ ಓರೆಯಾಗಿ ಕತ್ತರಿಸಬೇಕು. ಆದುದರಿಂದ ಮೊದಲು ರಟ್ಟಿನಲ್ಲಿ ಅಚ್ಚು ತೆಗೆದು, ಮರವನ್ನು ತುಸು ಉದ್ದವಾಗಿ ಕೊಯ್ದು, ಮತ್ತೆ ಮತ್ತೆ ಇಟ್ಟುನೋಡಿ ಸವರುವುದೇ ಕ್ರಮ. ಹಲಗೆಯು ಒಳಪಕ್ಕದ ಆಧಾರಪಟ್ಟಿಯ ಮೇಲೆ ಕುಳಿತರೆ ಭಾರವು ಒಂದೇ ಮೊಳೆಯ ಮೇಲೆ ಬೀಳದೆ ಹಂಚಿಹೋಗುತ್ತದೆ.

ದಪ್ಪವನ್ನು ನಿರ್ಧರಿಸುವಾಗ ಒಂದು ನಿಯಮ ನೆನಪಿರಲಿ: ಹಲಗೆಯ ಬಾಗದ ಗುಣ ದಪ್ಪದ ಘನಕ್ಕೆ ಅನುಗುಣವಾಗಿರುತ್ತದೆ. ೨ ಸೆಂಟಿಮೀಟರಿನ ಬದಲು ೨.೫ ಸೆಂಟಿಮೀಟರಿನ ಹಲಗೆ ಹಾಕಿದರೆ ತೂಕ ಕಾಲುಭಾಗ ಹೆಚ್ಚುತ್ತದೆ. ಬಿಗಿತನವಾದರೋ ಹತ್ತಿರ ಹತ್ತಿರ ಇಮ್ಮಡಿಯಾಗುತ್ತದೆ.

ಮರವು ತೇವವನ್ನು ಹೀರಿ ಎಳೆಗಳಿಗೆ ಅಡ್ಡವಾಗಿ ಹಿಗ್ಗುತ್ತದೆ. ಉದ್ದಕ್ಕೆ ಹಿಗ್ಗುವುದು ಅತ್ಯಲ್ಪ. ಆದಕಾರಣ ತಳದ ಮೇಲೆ ಹಾಸುವ ಪಟ್ಟಿಗಳ ನಡುವೆ ಸಂದು ಬಿಡಬೇಕು. ಸೇರಿದ ನೀರನ್ನು ಎತ್ತಿಹಾಕಲು ಅವುಗಳನ್ನು ತೆಗೆಯುವಂತೆಯೂ ಇರಿಸಬೇಕು. ಕಬ್ಬಿಣದ ಮೊಳೆ ತುಕ್ಕು ಹಿಡಿದು ಸುತ್ತಲಿನ ಮರವನ್ನು ಕೆಡಿಸುತ್ತದೆ. ತಾಮ್ರದ ಮೊಳೆ ಮೇಲು.

ವಿದ್ಯಾರ್ಥಿಗಳು ಬಾಂಡಲಿಯ ನೀರಿನಲ್ಲಿ ಕಿರಿದಾದ ತಗಡಿನ ಪೆಟ್ಟಿಗೆಯನ್ನು ತೇಲಿಬಿಟ್ಟು, ಒಂದೇ ತೂಕವನ್ನು ಮೊದಲು ತಳದಲ್ಲಿಯೂ ಅನಂತರ ಬೆಂಕಿಪೊಟ್ಟಣಗಳ ಮೇಲೆ ಎತ್ತರದಲ್ಲಿಯೂ ಇಟ್ಟು ಪರೀಕ್ಷಿಸಬಹುದು. ಕೃಷ್ಣರಾಜಪೇಟೆಯ ಕಡೆಯ ಹೇಮಾವತಿಯಲ್ಲಾಗಲಿ, ಪಾಂಡವಪುರದ ತೊಣ್ಣೂರು ಕೆರೆಯಲ್ಲಾಗಲಿ ದೋಣಿ ಹತ್ತುವ ಸಂದರ್ಭ ಬಂದಾಗ ನಡುವೆ ಎದ್ದು ನಿಲ್ಲಬಾರದೆಂಬ ಅಂಬಿಗನ ಮಾತಿಗೆ ಕಾರಣವೇನೆಂಬುದು ಆಗ ಅವರಿಗೆ ಹೊಳೆಯುತ್ತದೆ. ನಿಂತವನು ತನ್ನ ಗುರುತ್ವಕೇಂದ್ರದೊಡನೆ ಇಡೀ ದೋಣಿಯದನ್ನೂ ಮೇಲೆತ್ತುತ್ತಾನೆ.